ಒಲೆಯ ಪಕ್ಕದ ಬಾಡಿಗೆ ಮನೆ

ಬೇಕರಿಯ ಪಕ್ಕದ ಖಾಲಿ ಜಾಗ ಬಹಳ ಕಾಲ ಬೀದಿಯವರ ಕಸದ ಗುಂಡಿಯಾಗಿತ್ತು. ಊರು ಬೆಳೆದು ಗೇಣು ನೆಲಕ್ಕೂ ಚಿನ್ನದ ಬೆಲೆ ಬಂದ ಮೇಲೆ ಅದೂ ಯಾರದೋ ಕಣ್ಣಿಗೆ ಬಿತ್ತು. ನೋಡನೋಡುತ್ತಲೇ ಅಲ್ಲಿ ಕೆಳಗೆ ಅಂಗಡಿ, ಮೇಲೆ ಮೂರು ಅಂತಸ್ತು ಬಾಡಿಗೆ ಮನೆಗಳ ಕಟ್ಟಡ ಎದ್ದು ನಿಂತಿತು. ಅದಕ್ಕೂ ಬೇಕರಿಯ ಗೋಡೆಗೂ ನಡುವೆ ಒಬ್ಬ ಮನುಷ್ಯ ಹೊಟ್ಟೆ ಎಳೆದುಕೊಂಡು ನುಸುಳುವಷ್ಟು ಸಂದಿ ಉಳಿಯಿತು.

ಬೇಕರಿಯ ಯಜಮಾನನನ್ನು ಬೀದಿಯೆಲ್ಲ ಬ್ರೆಡ್ಡಣ್ಣ ಎನ್ನುತ್ತಿತ್ತು. ಅವನ ಸೌದೆ ಒಲೆ ಅವನಪ್ಪ ಕಟ್ಟಿದ್ದು. ಸೊಟ್ಟ ಬಾಯಿ, ಮಸಿ ಹಿಡಿದ ಕಮಾನು; ಅವನ ಪಾಲಿಗೆ ಮಾತ್ರ ಅದೇ ರಂಭೆ. ಅದರ ಹೊಗೆ ಪಕ್ಕದ ಗೋಡೆಯ ಕೊಳವೆಯಿಂದ ಹೊರಬಿದ್ದು ಖಾಲಿ ಜಾಗದ ಗಾಳಿಗೆ ಸೇರಿಹೋಗುತ್ತಿತ್ತು. ಈಗ ಗಾಳಿ ಇದ್ದ ಕಡೆ ಗೋಡೆ ಬಂದಿತ್ತು.

ಕಟ್ಟಡದ ಮೇಸ್ತ್ರಿ ಒಳ್ಳೆಯವನು. ಕೆಲಸ ಮುಗಿಯುವ ಹೊತ್ತಿಗೆ ಬಂದು ಹೇಳಿದ: "ಅಣ್ಣಾ, ಕೊಳವೇನ ನಮ್ಮ ತಾರಸಿಗಿಂತ ಮೇಲಕ್ಕೆ ಎತ್ತಿಸ್ಕೊಂಡುಬಿಡಿ. ಇಲ್ಲಾಂದ್ರೆ ಹೊಗೆ ಸಂದೀಲೇ ಸುತ್ತುತ್ತೆ."

"ಕೊಳವೆ ಎತ್ತರ ಆದ್ರೆ ಒಲೆ ಗಾಳಿ ಜಾಸ್ತಿ ಎಳೆಯುತ್ತೆ ಕಣಯ್ಯಾ. ಬ್ರೆಡ್ಡಿನ ನೆತ್ತಿ ಕರಕಲು, ಹೊಟ್ಟೆ ಹಸಿ. ನಮ್ಮಪ್ಪ ಅಳತೆ ಇಟ್ಟಿದ್ದು ಸುಮ್ನೆ ಅಲ್ಲ. ಅದರ ಬದಲು ಬೀದಿ ಕಡೆ ಆ ಸಂದಿ ಬಾಯಿ ಮುಚ್ಚಿಕೊಡು. ಇಲಿಗಳು ಅಲ್ಲಿಂದಲೇ ನುಗ್ಗಿ ಹಿಟ್ಟಿನ ಮೂಟೆ ತೂತು ಮಾಡ್ತಿವೆ."

ತಿಂಗಳುಗಟ್ಟಲೆ ಬಿಸಿ ಬನ್ನು ತಿಂದ ಬಾಯಿ ಇಲ್ಲ ಎನ್ನುವುದು ಹೇಗೆ? ಮೇಸ್ತ್ರಿ ಇಟ್ಟಿಗೆ ಇಟ್ಟು ಸಂದಿಯ ಬಾಯನ್ನು ತಾರಸಿಯ ಎತ್ತರದವರೆಗೂ ಮುಚ್ಚಿಕೊಟ್ಟ. ಹಿಂಬದಿಗೆ ಮೊದಲೇ ಗೋಡೆಯಿತ್ತು. ಸಂದಿ ಬಾವಿಯಂತಾಯಿತು. ಇಲಿಗಳ ಕಾಟ ನಿಂತಿತು.

ಹೊಸ ಕಟ್ಟಡದ ಮೊದಲ ಅಂತಸ್ತಿಗೆ ಬಾಡಿಗೆಗೆ ಬಂದವಳು ಬ್ರೆಡ್ಡಣ್ಣನ ಮಗಳೇ. ತಾಯಿಯಿಲ್ಲದೆ ಬೆಳೆದ ಹುಡುಗಿ, ಈಗ ಆರು ತಿಂಗಳ ಬಸುರಿ. ಅಳಿಯ ಬಸ್ಸಿನ ಡ್ರೈವರ್, ಹಗಲೆಲ್ಲ ರಸ್ತೆಯ ಮೇಲೆ. ಹೆರಿಗೆಯ ಹೊತ್ತಿಗೆ ಮಗಳು ಕೂಗಿದರೆ ಕೇಳುವಷ್ಟು ಹತ್ತಿರ ಎಂದು ಬ್ರೆಡ್ಡಣ್ಣ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬೀಗಿದ. ಮಲಗುವ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದು ಆ ಸಂದಿಗೇ ತೆರೆಯುತ್ತಿತ್ತು.

ಚಳಿ ಶುರುವಾದ ಮೇಲೆ ಮೇಲಂತಸ್ತಿನ ಮೇಷ್ಟ್ರು ನಾಲ್ಕು ಜನರನ್ನು ಕಟ್ಟಿಕೊಂಡು ಬೇಕರಿಯ ಮುಂದೆ ನಿಂತರು.

"ನೋಡಿ, ಮನೆಯೆಲ್ಲ ಹೊಗೆ. ಮಕ್ಕಳು ತಲೆನೋವು ಅಂತ ಅಳ್ತಾವೆ. ಕೊಳವೆ ಎತ್ತಿಸಿ, ಇಲ್ಲಾಂದ್ರೆ ಒಲೆ ನಿಲ್ಲಿಸಿ."

ಬ್ರೆಡ್ಡಣ್ಣನಿಗೆ ಪಿತ್ತ ನೆತ್ತಿಗೇರಿತು. "ನಿನ್ನೆ ಬಂದವರು ನಮ್ಮಪ್ಪನ ಒಲೆಗೆ ಬುದ್ಧಿ ಹೇಳ್ತೀರಾ? ನನ್ನ ಮಗಳ ಕಿಟಕಿ ಕೊಳವೆ ನೆತ್ತಿ ಮೇಲೇ ಇದೆ. ಇಗೋ ಬಂದಳು, ಅವಳನ್ನೇ ಕೇಳೋಣ. ಏನಮ್ಮಾ, ನಿನಗೆ ಹೊಗೆ ಬರುತ್ತಾ?"

ಗಲಾಟೆ ಕೇಳಿ ಮಗಳು ಮೆಟ್ಟಿಲಿಳಿದು ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಬಸುರಿಯರ ಮುಖ ಹಾಗೇ ಇರುತ್ತದೆ ಎಂದು ಅಪ್ಪ ಎಣಿಸಿದ. ಅವಳು ಮೇಷ್ಟ್ರನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ನನಗೇನೂ ಬರಲ್ಲಪ್ಪಾ."

ಬ್ರೆಡ್ಡಣ್ಣ ಮೀಸೆ ತಿರುವಿ, ಜಗಳಕ್ಕೆ ಬಂದವರ ಕೈಗೂ ಒಂದೊಂದು ಬನ್ನು ಕೊಟ್ಟು ಕಳಿಸಿದ. ಆವತ್ತು ಒಂದು ಗಳಿಗೆ ಮಗಳ ಕೋಣೆಗೆ ಹೋಗಿ ಉಸಿರೆಳೆದು ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹೋಗಲಿಲ್ಲ. ಗೆದ್ದವನಿಗೆ ಮೆಟ್ಟಿಲು ಹತ್ತುವ ವ್ಯವಧಾನ ಎಲ್ಲಿಯದು!

ಆಮೇಲಿನ ವಾರ ಗಾಳಿ ಸತ್ತುಹೋಗಿತ್ತು. ಚಳಿಗೆ ಬ್ರೆಡ್ಡಿನ ವ್ಯಾಪಾರ ಜೋರಾಗಿ ಒಲೆಗೆ ಬಿಡುವೇ ಇರಲಿಲ್ಲ. ಒಂದು ಮಧ್ಯಾಹ್ನ, ಅಪರೂಪಕ್ಕೆ ಊಟಕ್ಕೆಂದು ಮನೆಗೆ ಬಂದ ಅಳಿಯ ಮೇಲಿನಿಂದ ಕೂಗಿಕೊಂಡ. "ಮಾವಾ, ಬೇಗ ಬನ್ನಿ! ಏಳ್ತಾನೇ ಇಲ್ಲ ಇವಳು!"

ಬ್ರೆಡ್ಡಣ್ಣ ಹಿಟ್ಟಿನ ಕೈಯಲ್ಲೇ ಓಡಿದ. ಮಗಳು ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಕಿಟಕಿ ಮುಚ್ಚಿತ್ತು, ಅದರ ಸಂದುಗೊಂದುಗಳಿಗೆಲ್ಲ ಒದ್ದೆ ಬಟ್ಟೆ ತುರುಕಿತ್ತು. ಬಟ್ಟೆಗಳು ಮಸಿಯಿಂದ ಕಪ್ಪಾಗಿದ್ದವು. ಇದು ಒಂದು ದಿನದ ಮಸಿಯಲ್ಲ ಎಂದು ಒಲೆ ಉರಿಸುವವನಿಗೆ ಬೇರೆಯವರು ಹೇಳಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ಬಟ್ಟೆ ಮಸಿ ತಡೆಯುತ್ತೆ, ಹೊಗೆಯ ವಿಷ ತಡೆಯಲ್ಲ. ತಾಯಿ ಉಳಿದಿದ್ದಾಳೆ. ಮಗು ಇಲ್ಲ."

ಅಳಿಯ ಗೋಡೆಗೆ ಹಣೆ ಚಚ್ಚಿಕೊಂಡ. ಮಾವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು ಎಂದು ಬ್ರೆಡ್ಡಣ್ಣನಿಗೆ ಅನ್ನಿಸಿತು. ಬೇಕರಿಗೆ ಹೋಗಿ ಉರಿಯುವ ಒಲೆಗೆ ಕೊಡಗಟ್ಟಲೆ ನೀರು ಸುರಿದ. ಅಪ್ಪ ಕಟ್ಟಿದ ಕಮಾನು ಉದ್ದಕ್ಕೂ ಸೀಳಿಹೋಯಿತು. ಅದನ್ನು ತಿರುಗಿಯೂ ನೋಡದೆ ಆಸ್ಪತ್ರೆಗೆ ವಾಪಸು ಬಂದ.

ಮಗಳಿಗೆ ಎಚ್ಚರವಾಗಿತ್ತು. ಅವನು ಅವಳ ಕಾಲ ಬಳಿ ಕುಳಿತ.

"ಒಲೆ ಆರಿಸಿಬಿಟ್ಟೆ ಕಣಮ್ಮಾ. ಇನ್ನು ಹಚ್ಚಲ್ಲ."

ಅವಳು ಅವನ ಮಸಿ ಹತ್ತಿದ ಕೈಗಳನ್ನು ನೋಡಿದಳು.

"ಯಾಕಮ್ಮಾ ಹೇಳಲಿಲ್ಲ? ನಾನು ಕೇಳಿದ್ನಲ್ಲ."

"ಕೇಳಿದ್ಯಪ್ಪಾ," ಎಂದಳು ಮಗಳು. "ಬೀದಿಯೋರ ಮುಂದೆ ಕೇಳಿದೆ. ಒಂದು ಸಲ ಮನೆಗೆ ಬಂದು ಕೇಳಬೇಕಿತ್ತು."