ಸಿಗ್ನಲ್ ಭಾವನ ಸೊನ್ನೆ

ಇಡೀ ಕಟ್ಟಡ ಅವನನ್ನು ಸಿಗ್ನಲ್ ಭಾವ ಎಂದೇ ಕರೆಯುತ್ತಿತ್ತು. ಭಾವ ಅನ್ನುವ ಹಕ್ಕಿದ್ದದ್ದು ಹೆಂಡತಿಯ ತಮ್ಮನೊಬ್ಬನಿಗೇ. ಉಳಿದವರ ಬಾಯಿಗೆ ಆ ಹೆಸರು ರುಚಿಸಿತು, ಅಷ್ಟೆ.

ವಯಸ್ಸಾದವರ ಕೊರಳಿಗೆ ಗುಂಡಿ ಕಟ್ಟಿಸಿದವನು ಅವನೇ. ಬಿದ್ದರೆ ಒತ್ತಬೇಕು, ಕ್ಲಿನಿಕ್ಕಿಗೆ ಸುದ್ದಿ ಮುಟ್ಟಬೇಕು. ಆದರೆ ಗುಂಡಿಯ ದನಿ ಕ್ಷೀಣ, ಬೀದಿಯ ಕೊನೆಯ ಕ್ಲಿನಿಕ್ಕಿನ ತನಕ ಮುಟ್ಟುವುದಿಲ್ಲ. ನಡುವೆ ಯಾರದಾದರೂ ಮನೆಯಲ್ಲಿ ಭಾವ ಕೂರಿಸಿದ ಸಿಗ್ನಲ್ ಡಬ್ಬಿ ಅದನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸಬೇಕು. ಗುಂಡಿ ಡಬ್ಬಿಗೆಷ್ಟು ಚೆನ್ನಾಗಿ ಕೇಳುತ್ತದೆ, ಡಬ್ಬಿ ಕ್ಲಿನಿಕ್ಕಿಗೆಷ್ಟು ಚೆನ್ನಾಗಿ ಕೇಳುತ್ತದೆ, ಇವೆರಡರಲ್ಲಿ ಕಡಿಮೆಯದೇ ಆ ಡಬ್ಬಿಯ ಅಂಕ. ಹೆಚ್ಚು ಅಂಕ ಬಂದ ಡಬ್ಬಿ ಹೊರೆ ಹೊರಬೇಕು. ದಾಟಿಸಿದಾಗಲೆಲ್ಲ ‘ಟಿಂಯ್’ ಎನ್ನಬೇಕು, ಡಬ್ಬಿ ಬದುಕಿದೆ ಎಂದು ಮನೆಯವರಿಗೆ ಗೊತ್ತಾಗಲಿ ಅಂತ. ಆ ಟಿಂಯ್ ಕೂಡ ಭಾವನದೇ ತಲೆ. ಅದರ ಬಗ್ಗೆ ಮೆಟ್ಟಿಲ ಬಳಿ ಎಲ್ಲರನ್ನೂ ನಿಲ್ಲಿಸಿ ಭಾಷಣ ಬೇರೆ ಬಿಗಿದಿದ್ದ.

ಕೆಳಮನೆಯ ಅಜ್ಜನ ಗುಂಡಿ ಕೇಳುತ್ತಿದ್ದುದು ಎರಡೇ ಡಬ್ಬಿಗಳಿಗೆ: ಭಾವನದು, ಪಕ್ಕದ ಮನೆಯ ಟೈಲರಕ್ಕನದು. ಅಂಕ ಯಾವಾಗಲೂ ಭಾವನದೇ ಹೆಚ್ಚು. ಒತ್ತದಿದ್ದರೂ ಗುಂಡಿ ಸುಮ್ಮನಿರುವ ಜಾತಿಯಲ್ಲ, ‘ಇದ್ದೇನೆ, ಇದ್ದೇನೆ’ ಎಂದು ಆಗಾಗ ಕೂಗುತ್ತದೆ. ಪ್ರತಿ ಕೂಗಿಗೂ ಟಿಂಯ್. ಪ್ರತಿ ಟಿಂಯ್‌ಗೂ ತೊಟ್ಟಿಲಲ್ಲಿ ಮಗು ಎದ್ದು ಕಿರುಚುವುದು.

“ಎಲ್ಲರ ಭಾರಾನೂ ನಮ್ಮನೆ ಮೇಲೇ ಬೀಳ್ಬೇಕಾ?” ಎಂದಳು ಹೆಂಡತಿ.

ಸದ್ದು ನಿಲ್ಲಿಸಿದರೆ ಭಾಷಣ ಬಿಗಿದವನ ಮರ್ಯಾದೆ ಏನಾಗಬೇಕು? ಜಾಣ ಭಾವ ತನ್ನ ಡಬ್ಬಿಗೆ ತಾನೇ ಸೊನ್ನೆ ಅಂಕ ಕೊಟ್ಟುಬಿಟ್ಟ. ಸೊನ್ನೆಯ ಡಬ್ಬಿಯನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ‘ನಮ್ಮನೇಲಿ ಸಿಗ್ನಲ್ಲೇ ಇಲ್ಲ’ ಎಂದು ನೆರೆಯವರೆದುರು ಮುಖ ಸಪ್ಪಗೆ ಮಾಡಿದ. ಹೊರೆಯೆಲ್ಲ ಟೈಲರಕ್ಕನ ತಲೆಗೆ ಬಿತ್ತು. ಮಗು ಹಾಯಾಗಿ ಮಲಗಿತು.

ಮೊನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ದುಡಿದು ದುಡಿದು ಸೋತಿದ್ದ ಟೈಲರಕ್ಕನ ಡಬ್ಬಿಯ ಬ್ಯಾಟರಿ ಬೇಗ ಕೈಕೊಟ್ಟಿತು. ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದು ಗುಂಡಿ ಒತ್ತಿದ, ಮತ್ತೆ ಮತ್ತೆ ಒತ್ತಿದ. ಭಾವನ ಡಬ್ಬಿ ಸೊನ್ನೆ ಹೊತ್ತು ಸುಮ್ಮನೆ ಕೂತಿತ್ತು. ಸಂಜೆ ಮಗಳು ಕೆಲಸದಿಂದ ಬರುವವರೆಗೂ ಸೊಂಟ ಮುರಿದುಕೊಂಡು ಒದ್ದೆ ನೆಲದ ಮೇಲೇ ಬಿದ್ದಿದ್ದ.

ಮೆಟ್ಟಿಲ ಬಳಿ ಜನ ಸೇರಿದರು. “ಏನಾಯ್ತು ಭಾವ?”

“ಟೈಲರಕ್ಕನ ಬ್ಯಾಟರಿ ಇಳಿದಿತ್ತು.”

ಸುಳ್ಳಲ್ಲ. ಎಲ್ಲರೂ ಅಕ್ಕನ ಕಡೆ ತಿರುಗಿದರು. “ಇಸ್ತ್ರಿಗೆ ಅಂತ ಪ್ಲಗ್ ಕಿತ್ತಿರ್ತೀಯ” ಎಂದಿತು ಒಂದು ದನಿ. ಅವಳು ನೆನಪು ಮಾಡಿಕೊಳ್ಳಲು ಹೆಣಗಿ, “ಇರಬಹುದೇನೋ” ಎಂದಳು. ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು ಭಾವನಿಗೆ. ನೆಲವೂ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಡಬ್ಬಿಯನ್ನು ತುಂಡುಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು.

“ಇದನ್ನ ವಾಪಸ್ ತಗೊಳ್ಳಿ ಭಾವ. ಅಜ್ಜನ ಮಗಳ ಮುಖ ನೋಡೋಕೆ ಆಗ್ತಿಲ್ಲ ನಂಗೆ. ಯಾರದಾದ್ರೂ ಒಳ್ಳೆ ಮನೇಲಿಡಿ. ನಿಮ್ಮನೇಲೂ ಪಾಪ ಸಿಗ್ನಲ್ ಬರಲ್ಲ. ಬಂದಿದ್ರೆ ನೀವಾದ್ರೂ ದಾಟಿಸ್ತಿದ್ರಿ.”

ಭಾವನ ಕಿವಿ ಬಿಸಿಯಾಯಿತು. ಅಸಹ್ಯವಾಯಿತು ತನ್ನ ಬಗ್ಗೆ. ಲ್ಯಾಪ್‌ಟಾಪ್ ತೆರೆದು ಸೊನ್ನೆಯನ್ನು ಅಳಿಸಿದ. ಅಜ್ಜ ಆಸ್ಪತ್ರೆಯಲ್ಲಿದ್ದ; ಕೆಳಮನೆಯಲ್ಲಿ ಬಿಚ್ಚಿಟ್ಟಿದ್ದ ಅವನ ಗುಂಡಿ ಇನ್ನೂ ‘ಇದ್ದೇನೆ’ ಅನ್ನುತ್ತಲೇ ಇತ್ತು.

ಟಿಂಯ್.

ಮಗು ಕಿರುಚಿತು. ಅಕ್ಕನ ಮುಖ ಅರಳಿತು. “ಅಯ್ಯೋ, ಬಂತಲ್ಲ ಸಿಗ್ನಲ್! ಏನ್ ಮಾಡಿದ್ರಿ?”

“ಈಗ ಬಂದಿದ್ದಲ್ಲಕ್ಕ. ಯಾವಾಗ್ಲೂ ಇತ್ತು. ಮಗು ಏಳುತ್ತೆ ಅಂತ ನಾನೇ ಮುಚ್ಚಿಟ್ಟಿದ್ದೆ.”

ಹೆಂಡತಿ ತಲೆ ತಗ್ಗಿಸಿದಳು. ಅಕ್ಕ ಮಾತ್ರ ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಬೆನ್ನು ತಟ್ಟಿದಳು, ಅದು ಸುಮ್ಮನಾಗುವವರೆಗೂ ತಟ್ಟಿದಳು.

“ನಿನ್ನೆ ಎಲ್ಲರೂ ನನ್ನ ನೋಡ್ತಿದ್ರಲ್ಲ,” ಎಂದಳು. “ಆಗ ಹೇಳೋಕೇನಾಗಿತ್ತು?”

ಅವಳು ಮಗುವನ್ನು ತಾಯಿಯ ಕೈಗೆ ಕೊಟ್ಟು, ಮೇಜಿನ ಮೇಲಿಟ್ಟಿದ್ದ ಡಬ್ಬಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

“ಇದು ನಮ್ಮನೇಲೇ ಇರ್ಲಿ. ನಿಮ್ಮನ್ನ ನಂಬ್ಕೊಂಡ್ರೆ ಆಗಲ್ಲ.”