ಸ್ಟೇರಿಂಗಿಗೆ ಕಟ್ಟಿದ ಕೆಂಪು ಬಟ್ಟೆ

ಸ್ಟೇರಿಂಗಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಗಂಟನ್ನು ಮಾವ ಹಲ್ಲಿನಿಂದ ಕಚ್ಚಿ ಬಿಚ್ಚಿದ. ಆಮೇಲೆ ಅದೇ ಬಟ್ಟೆಯಿಂದ ಕಾರಿನ ಮುಂದಿನ ಗಾಜು ಒರೆಸತೊಡಗಿದ.

ಬಂದವರಿಗೆ ಕುರ್ಚಿ ಹಾಕುತ್ತಿದ್ದ ಮಗಳು ಕುರ್ಚಿ ಹಿಡಿದುಕೊಂಡೇ ನಿಂತಳು.

"ಮಾವ, ಆ ಬಟ್ಟೆ ಎಲ್ಲಿತ್ತು?"

"ಸ್ಟೇರಿಂಗಲ್ಲಿ."

"ಕಟ್ಟಿತ್ತಾ? ಸುಮ್ನೆ ಮೇಲೆ ಹಾಕಿತ್ತಾ?"

"ಕಟ್ಟಿತ್ತು ಕಣೇ. ನಿಮ್ಮಪ್ಪನ ಗಂಟು, ಜಪ್ಪಯ್ಯ ಅಂದ್ರೂ ಬಿಚ್ಚಲ್ಲ. ಯಾಕೆ, ಕೋರ್ಟಲ್ಲಿ ಸಾಕ್ಷಿ ಹೇಳ್ಬೇಕಾ ನಾನು?"

ಮಾವ ಬೇರೆ ಊರಿನಲ್ಲಿ ಬಸ್ಸು ಓಡಿಸುವವನು. ಅಕ್ಕನ ಗಂಡ ಹೋದ ಸುದ್ದಿ ಕೇಳಿ ಬೆಳಿಗ್ಗೆಯಷ್ಟೇ ಬಂದಿದ್ದ. ಕೆಂಪು ಬಟ್ಟೆಯ ವಿಷಯ ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಕೆಲಸ ಅರ್ಧದಲ್ಲಿರುವ ಕಾರಿಗೆ ಮಾತ್ರ ಅಪ್ಪ ಅದನ್ನು ಕಟ್ಟುತ್ತಿದ್ದ, ಮುಗಿದ ಮೇಲೆ ತಾನೇ ಬಿಚ್ಚುತ್ತಿದ್ದ. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ಕಾರು ಊರಿನ ಮೇಷ್ಟ್ರದ್ದು, ಅಪ್ಪನ ಷೆಡ್ಡಿಗೆ ರಿಪೇರಿಗೆ ಬಂದದ್ದು. ಮೂವತ್ತು ವರ್ಷದ ಹಳೆಯ ಬಿಳಿ ಕಾರು. ಸ್ಮಶಾನಕ್ಕೆ ಅಪ್ಪನನ್ನು ವ್ಯಾನಿನಲ್ಲಿ ಒಯ್ಯುವುದು, ಹಿಂದೆ ಈ ಕಾರಿನಲ್ಲಿ ಅಮ್ಮನನ್ನೂ ನಡೆಯಲಾಗದ ಇಬ್ಬರು ಮುದುಕಿಯರನ್ನೂ ಕರೆದೊಯ್ಯುವುದು ಎಂದು ಮಾತಾಗಿತ್ತು. ದಾರಿ ಕಲ್ಲುಗಣಿಯ ಅಂಚಿನಲ್ಲಿ ಇಳಿಜಾರು, ಕೆಳಗೆ ಎಡಕ್ಕೆ ಒಂದು ಕಡಿದಾದ ತಿರುವು.

"ಕಾರು ರೆಡಿ ಆಗಿದೆ ಅಂತ ಯಾರು ಹೇಳಿದ್ರು ನಿಮಗೆ?"

"ಅಕ್ಕನೇ ಹೇಳಿದ್ಳು. ಷೆಡ್ಡಿನಿಂದ ಗೇಟಿನ ತನಕ ಬಿಟ್ಟ ಬಾಣದ ಹಾಗೆ ನೆಟ್ಟಗೆ ಬಂತು."

"ನೆಟ್ಟಗೆ ಬರುತ್ತೆ ಮಾವ. ತಿರುಗ್ಬೇಕಲ್ಲ."

ಮಾವ ಬಟ್ಟೆಯನ್ನು ಭುಜದ ಮೇಲೆ ಹಾಕಿಕೊಂಡು ನಕ್ಕ. "ಬೀಗ ಹಾಕಿ ಮೂರು ಸಲ ಎಳೆದು ನೋಡೋಳು ನೀನು. ಇವತ್ತೊಂದು ದಿನ ಸುಮ್ನಿರು ತಾಯಿ."

ನಡುಮನೆಯಲ್ಲಿ ಅಮ್ಮ ಅಪ್ಪನ ಕಾಲ ಬಳಿ ಕೂತಿದ್ದಳು. ಎಷ್ಟು ತಿಕ್ಕಿ ತೊಳೆದಿದ್ದರೂ ಅಪ್ಪನ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಮಗಳು ಬಗ್ಗಿ ಕಿವಿಯ ಹತ್ತಿರ ಕೇಳಿದಳು:

"ಅಮ್ಮಾ, ಮೇಷ್ಟ್ರ ಕಾರು ನಿನ್ನೆ ಮುಗೀತಾ?"

"ಮುಗೀತು." ಅಮ್ಮ ತಲೆ ಎತ್ತಲಿಲ್ಲ. "ಊಟಕ್ಕೆ ಬಂದು ಕೈ ತೊಳೀತಾ ಹೇಳಿದ್ರು."

"ಪುಣ್ಯಾತ್ಮ," ಎಂದರು ಪಕ್ಕದಲ್ಲಿದ್ದ ಮೇಷ್ಟ್ರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. "ಹಿಡಿದ ಕೆಲಸ ಮುಗಿಸಿಯೇ ಹೋದ ಮನುಷ್ಯ."

ಆ ಮಾತು ಬೆಳಗಿನಿಂದ ಮನೆಯೆಲ್ಲ ಓಡಾಡುತ್ತಿತ್ತು. ಬಂದವರೆಲ್ಲ ಅದನ್ನೇ ಹೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಅದನ್ನೀಗ ಅನುಮಾನಿಸುವುದೆಂದರೆ ಸತ್ತವನ ಕೊನೆಯ ಮಾತನ್ನೇ ಸುಳ್ಳು ಮಾಡಿದಂತೆ. ಅನುಮಾನಿಸದಿದ್ದರೆ, ಆ ತಿರುವು.

*

ಅಪ್ಪನಿಗೆ ಷೆಡ್ಡಿನಲ್ಲಿ ಸಹಾಯಕರು ಇರಲಿಲ್ಲ. ಸ್ಟೇರಿಂಗಿನ ತೊಂದರೆ ಹಿಡಿಯಲು ಮಾತ್ರ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಚಕ್ರವನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಬೇಕು, ಇನ್ನೊಬ್ಬರು ಬಾನೆಟ್ ಎತ್ತಿ, ಸ್ಟೇರಿಂಗಿನ ರಾಡು ಕೆಳಗೆ ಬಂದು ಸೇರುವ ಜಾಯಿಂಟಿನ ಮೇಲೆ ಅಂಗೈ ಇಡಬೇಕು. "ಕಣ್ಣಿಗೆ ಕಾಣಲ್ಲ, ಕೈಗೆ ಸಿಗುತ್ತೆ" ಎನ್ನುತ್ತಿದ್ದ ಅಪ್ಪ. ಒಲೆಯ ಮುಂದಿನಿಂದ ಎದ್ದು ಬಂದು ಚಕ್ರ ಹಿಡಿಯುತ್ತಿದ್ದವಳು ಅಮ್ಮ. ಎತ್ತಿದ ಬಾನೆಟ್ಟಿನ ಆಚೆ ಅಪ್ಪನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಎಡಕ್ಕೆ. ಬಲಕ್ಕೆ. ಇನ್ನೊಂದ್ಸಲ. ಕೊನೆಗೆ "ಸಾಕು". ಸಾಕು ಎನ್ನುವ ತನಕ ಅಮ್ಮ ಕೈ ತೆಗೆಯುತ್ತಿರಲಿಲ್ಲ, ಒಲೆಯ ಮೇಲೆ ಹಾಲು ಉಕ್ಕಿದರೂ.

"ಮನೆಯ ಸ್ಟೇರಿಂಗ್ ಯಜಮಾನ್ತಿ ಕೈಲಿದೆ" ಎಂದು ಬೀದಿಯವರು ನಗುತ್ತಿದ್ದರು. ಅಪ್ಪ "ಇದೆ, ಅದಕ್ಕೇ ಹಳ್ಳಕ್ಕೆ ಬಿದ್ದಿಲ್ಲ" ಎನ್ನುತ್ತಿದ್ದ.

ಹಳ್ಳದ ಮಾತು ತಮಾಷೆಯಲ್ಲ. ಮದುವೆಗೆ ಮೊದಲು ಬೇರೆಯವರ ಗ್ಯಾರೇಜಿನಲ್ಲಿದ್ದಾಗ ಅಪ್ಪ ಒಂದು ಬೋಲ್ಟನ್ನು ಬೆರಳಿನಲ್ಲಷ್ಟೇ ತಿರುಗಿಸಿಟ್ಟು ಚಹಾಕ್ಕೆ ಹೋಗಿದ್ದ. ವಾಪಸ್ಸು ಬರುವಷ್ಟರಲ್ಲಿ ಕಾರಿನವನು ಕಾರು ತೆಗೆದುಕೊಂಡು ಹೋಗಿಯಾಗಿತ್ತು. ಸ್ಟೇರಿಂಗ್ ಕಳಚಿ ಕಾರು ಮೋರಿಯ ಹಳ್ಳಕ್ಕೆ ಬಿತ್ತು, ಒಳಗೆ ಸಿಕ್ಕಿಕೊಂಡ ಅವನ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಕೆಂಪು ಬಟ್ಟೆ ಶುರುವಾದದ್ದು ಅಂದಿನಿಂದ. ಅರ್ಧ ಕೆಲಸ ಬಿಟ್ಟು ಊಟಕ್ಕೆ ಏಳದ ಹಟವೂ.

*

ವ್ಯಾನಿನವನು ಬಂದು ಹೊತ್ತಾಯಿತೆಂದ. ಅಪ್ಪನನ್ನು ಹೊರಗೆ ತಂದರು. ಮುದುಕಿಯರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಾರಿನ ಹಿಂದಿನ ಸೀಟಿಗೆ ಏರಿದರು. ಮಾವ ಕೀಲಿ ತಿರುಗಿಸಲು ಕೈ ಹಾಕುವಷ್ಟರಲ್ಲಿ ಮಗಳು ಬಾನೆಟ್ ಎತ್ತಿ ನಿಲ್ಲಿಸಿಬಿಟ್ಟಳು.

"ಏನೇ ಇದು?" ಮಾವ ಇಳಿದು ಬಂದ. "ಹೆಣ ಎತ್ತೋ ಹೊತ್ತಲ್ಲಿ ಬಾನೆಟ್ ಎತ್ತುತ್ತಾರೇನೇ ಯಾರಾದ್ರೂ?"

"ಎರಡು ನಿಮಿಷ ಮಾವ. ಯಾರಾದ್ರೂ ಒಳಗೆ ಕೂತು ಸ್ಟೇರಿಂಗ್ ಅಲ್ಲಾಡಿಸಿ. ಎಲ್ಲಾ ಸರಿಯಿದ್ರೆ ಎಲ್ಲರ ಮುಂದೆ ತಪ್ಪಾಯ್ತು ಅಂತೀನಿ."

"ಇಪ್ಪತ್ತಾರು ವರ್ಷದಿಂದ ಗಾಡಿ ಓಡಿಸ್ತಿದೀನಿ, ಕಾಲೇಜು ಓದಿದೋಳ ಹತ್ರ ಕಲೀಬೇಕಾ?"

ಮೇಷ್ಟ್ರು ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ನೋಡಮ್ಮ, ನಿಮ್ಮಪ್ಪ ಮುಗೀತು ಅಂದ್ರೆ ಮುಗೀತು. ನನಗೆ ನಂಬಿಕೆ ಇದೆ. ಜನ ನೋಡ್ತಿದಾರೆ."

ಜನ ನೋಡುತ್ತಿದ್ದರು. ಮಗಳ ಕಿವಿ ಬಿಸಿಯಾಯಿತು. ಬಾನೆಟ್ ಇಳಿಸಿಬಿಡಲೇ ಎಂದುಕೊಂಡಳು. ಆಗ ಅಮ್ಮ ವ್ಯಾನಿನ ಪಕ್ಕದಿಂದ ಈಚೆಗೆ ಬಂದಳು. ಮಾವನ ಭುಜದಿಂದ ಕೆಂಪು ಬಟ್ಟೆಯನ್ನು ಎಳೆದುಕೊಂಡಳು.

"ಇದು ಎಲ್ಲಿತ್ತೋ?"

"ಸ್ಟೇರಿಂಗಿಗೆ ಕಟ್ಟಿತ್ತಕ್ಕ. ಆಗಿಂದ ಎಲ್ಲರೂ ಇದನ್ನೇ ಕೇಳ್ತೀರಲ್ಲ!"

ಅಮ್ಮ ಬಟ್ಟೆಯಲ್ಲಿ ಉಳಿದಿದ್ದ ಗಂಟಿನ ಸುಕ್ಕನ್ನು ಬೆರಳಿನಿಂದ ಸವರಿದಳು.

"ಅವರು ಮುಗೀತು ಅಂದಿಲ್ಲ," ಎಂದಳು.

ಮೇಷ್ಟ್ರು ಅವಳ ಕಡೆ ತಿರುಗಿದರು.

"ಮೂರು ಸಲ ಊಟಕ್ಕೆ ಕರೆದೆ. ಬರಲಿಲ್ಲ. ನಾಲ್ಕನೇ ಸಲ ಹೋಗಿ, ನೀವು ಬರೋ ತನಕ ನಾನೂ ಉಣ್ಣಲ್ಲ ಅಂದೆ. ಎದ್ದು ಬಂದ್ರು. ಇಷ್ಟು ವರ್ಷದಲ್ಲಿ ಅದೊಂದೇ ಸಲ ಅರ್ಧಕ್ಕೆ ಬಿಟ್ಟು ಎದ್ದಿದ್ದು. ಉಂಡು, ಹತ್ತು ನಿಮಿಷ ಒರಗ್ತೀನಿ ಅಂದ್ರು." ಅವಳು ಮಗಳನ್ನು ನೋಡಲಿಲ್ಲ. "ಬೆಳಿಗ್ಗೆ ಎಲ್ಲರೂ ಕಾರು ಮುಗೀತಾ ಅಂತ ಕೇಳೋರೇ. ಬಾಯಿಗೆ ಬಂತು, ಮುಗೀತು ಅಂದೆ."

ಮಾವ ಕಾರಿನ ಬಾಗಿಲು ತೆರೆದು ಮುದುಕಿಯರನ್ನು ಒಬ್ಬೊಬ್ಬರಾಗಿ ಇಳಿಸಿದ.

"ನಾನು ಕೂತ್ಕೋತೀನಿ," ಎಂದಳು ಅಮ್ಮ. ಸೆರಗು ಸಿಕ್ಕಿಸಿಕೊಂಡು ಚಕ್ರದ ಹಿಂದೆ ಕೂತಳು.

ಮಗಳು ಬಗ್ಗಿ ಜಾಯಿಂಟಿನ ಮೇಲೆ ಅಂಗೈ ಇಟ್ಟಳು. "ಎಡಕ್ಕೆ."

ಅಂಗೈಯೊಳಗೆ ಟಕ್ ಎಂದಿತು. ಮೇಲಿನ ರಾಡು ತಿರುಗಿದ ಮೇಲೆ ಒಂದು ಗಳಿಗೆ ತಡೆದು ಕೆಳಗಿನ ತುಂಡು ತಿರುಗಿತು. ಬೆರಳಿನಿಂದ ಮುಟ್ಟಿದರೆ ನಟ್ಟೇ ಹಗುರವಾಗಿ ಸುತ್ತಿತು. ಅಪ್ಪ ಜಾಯಿಂಟು ಹೊಸದು ಕೂರಿಸಿದ್ದ, ಬೋಲ್ಟಿಗೆ ಹಳೆಯ ನಟ್ಟನ್ನು ತಾತ್ಕಾಲಿಕವಾಗಿ ಬೆರಳಲ್ಲಿ ಹಾಕಿಟ್ಟಿದ್ದ.

ಮೇಷ್ಟ್ರು ಪಕ್ಕದಿಂದ ಬಗ್ಗಿ ನೋಡಿದರು. ಆಮೇಲೆ ರಸ್ತೆಯ ಇಳಿಜಾರಿನ ಕಡೆ ನೋಡಿದರು. ಗೇಟಿನ ಕಂಬ ಹಿಡಿದುಕೊಂಡರು.

"ಹೊಸ ನಟ್ ಬೇಕು," ಎಂದಳು ಮಗಳು. "ಬಿಚ್ಚಿದ ನಟ್ಟನ್ನ ಅಪ್ಪ ಮತ್ತೆ ಹಾಕ್ತಿರಲಿಲ್ಲ. ತಂದಿಟ್ಟಿರ್ತಾನೆ."

ಷೆಡ್ಡಿನ ಬೆಂಚಿನ ಮೇಲೆ ಇರಲಿಲ್ಲ. ಡಬ್ಬಿಗಳಲ್ಲೂ ಇರಲಿಲ್ಲ. ವ್ಯಾನಿನವನು ಗಡಿಯಾರ ನೋಡಿಕೊಂಡ.

"ಬಚ್ಚಲ ಬಾಗಿಲ ಹಿಂದೆ ನೋಡು," ಎಂದಳು ಅಮ್ಮ ಕೂತಲ್ಲಿಂದಲೇ. "ನಿನ್ನೆಯ ಅಂಗಿ."

ಅಂಗಿಯ ಜೇಬಿನಲ್ಲಿ ಕಾಗದದ ಪೊಟ್ಟಣವಿತ್ತು. ಒಳಗೆ ಒಂದೇ ಒಂದು ನಟ್ಟು, ಹೊಳೆಯುತ್ತಿತ್ತು.

ಮಾವ ತಾನೇ ಸ್ಪ್ಯಾನರ್ ತಂದು ಕೊಟ್ಟ. ಮಗಳು ತೋಳು ಮಡಚಿ, ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳು. ಕೈಯ ನರ ಉಬ್ಬುವ ತನಕ ಬಿಗಿದಳು. ಮಾವನಿಗೂ ಕೊಟ್ಟು ಬಿಗಿಸಿದಳು. ಮತ್ತೆ ಅಂಗೈ ಇಟ್ಟಳು.

"ಎಡಕ್ಕೆ, ಅಮ್ಮಾ."

ರಾಡೂ ಜಾಯಿಂಟೂ ಒಂದೇ ಮೈಯಾಗಿ ತಿರುಗಿದವು.

"ಬಲಕ್ಕೆ."

ಸದ್ದಿಲ್ಲ.

"ಇನ್ನೊಂದ್ಸಲ."

ಸದ್ದಿಲ್ಲ. ವ್ಯಾನಿನವನು ಎಂಜಿನ್ ಶುರು ಮಾಡಿದ. ಜನ ನಡೆಯಲು ಸಾಲಾಗಿ ನಿಂತರು. ಇನ್ನು ಹೇಳಬೇಕಾದದ್ದು ಅಪ್ಪನ ಒಂದೇ ಮಾತು, ಸಾಕು. ಮಗಳು ಬಾಯಿ ತೆರೆದಳು, ಅದು ಬರಲಿಲ್ಲ.

ಬಾನೆಟ್ಟಿನ ಆಚೆ ಅಮ್ಮ ಕಾಯುತ್ತಿದ್ದಳು. ಮಗಳ ಅಂಗೈಯ ಕೆಳಗೆ ರಾಡು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಮತ್ತೆ ಎಡಕ್ಕೆ.