ಯಾಕೋಬನ ತಗಡು

ಕುಲುಮೆಯಲ್ಲಿ ಅಲೋಯಿಸ್ ಎತ್ತಿ ತೋರಿಸಿದ ತಗಡಿನ ಮೇಲೆ ಬಣ್ಣ ಇನ್ನೂ ಒಣಗಿರಲಿಲ್ಲ. ‘ಜಾಕೊಮೊ’ ಎಂದಿತ್ತು. ನೋಟ್‌ಬುರ್ಗಾ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅವಳ ಗಂಡ ಯಾಕೋಬ್ ಸತ್ತು ಮೂರು ತಿಂಗಳು. ನಾಳೆ ಸಕಲ ಸಂತರ ಹಬ್ಬ. ಊರವರೆಲ್ಲ ಗೋರಿಗಳ ಬಳಿ ಬಂದು, ಕಬ್ಬಿಣದ ಶಿಲುಬೆಯ ನಡುವಿನ ಪುಟ್ಟ ಪೆಟ್ಟಿಗೆಯ ಬಾಗಿಲು ತೆರೆದು, ಒಳಗಿನ ಹೆಸರನ್ನು ಗಟ್ಟಿಯಾಗಿ ಓದಿ ತೀರ್ಥ ಚಿಮುಕಿಸುತ್ತಾರೆ. ಅಷ್ಟರೊಳಗೆ ಅವನ ಹೆಸರು ಅಲ್ಲಿ ಕೂರಬೇಕಿತ್ತು.

"ಏನಿದು, ಅಲೋಯಿಸ್?"

"ಕಚೇರಿ ಆಜ್ಞೆ, ಅತ್ತಿಗೆ. ಯುದ್ಧ ಸೋತ ಮೇಲೆ ಈ ಕಣಿವೆ ಇಟಲಿದು. ಹೊಸ ಗೋರಿಗೆಲ್ಲ ಅವರ ಭಾಷೆ ಹೆಸರೇ ಹಾಕ್ಬೇಕಂತೆ," ಎಂದ ಕಮ್ಮಾರ ಮೈದುನ. ಯುದ್ಧದಲ್ಲಿ ನಾಲ್ಕು ದೇಶ ಸುತ್ತಿದವನು, ಆ ಜಂಬ ಬೇರೆ. "ಯಾಕೋಬ್, ಜಾಕೊಮೊ ಎಲ್ಲ ಒಂದೇ ಹೆಸರು, ಯೆಹೂದ್ಯರ ಹಳೇ ಗ್ರಂಥದ್ದು. ಫ್ರೆಂಚರು ಜಾಕ್ ಅಂತಾರೆ, ಇಂಗ್ಲಿಷರು ಜೇಮ್ಸ್, ಪೋಲೆಂಡಿನೋರು ಯಾಕುಬ್. ಹುಟ್ಟುವಾಗ್ಲೇ ಅಣ್ಣನ ಹಿಮ್ಮಡಿ ಹಿಡ್ಕೊಂಡು ಬಂದೋನು ಅಂತ ಅರ್ಥ."

"ಹಾಗಾದ್ರೆ ಅದು ನಿನಗೇ ಒಪ್ಪುತ್ತೆ. ಅವರ ಹಿಮ್ಮಡಿ ಹಿಡ್ಕೊಂಡು ಕೂತಿರೋನು ನೀನು. ನಿಮ್ಮಣ್ಣ ಒಂದು ಸಲನಾದ್ರೂ ಜಾಕೊಮೊ ಅಂದ್ರೆ ತಿರುಗಿ ನೋಡಿದ್ನಾ?"

"ಸತ್ತೋರಿಗೆ ಕಿವಿ ಎಲ್ಲಿದೆ, ಅತ್ತಿಗೆ."

ಅವಳು ಸ್ಮಶಾನಕ್ಕೆ ನಡೆದಳು. ಗಂಡನ ಪಕ್ಕದಲ್ಲೇ ಮಾವನ ಗೋರಿ. ಹಿರಿಮಗನಿಗೆ ಅಪ್ಪನ ಹೆಸರಿಡುವ ಮನೆ ಅದು, ಮಾವನೂ ಯಾಕೋಬನೇ. ಅವನ ಪೆಟ್ಟಿಗೆ ತೆರೆದಳು. ಒಳಗೆ ಹೊಚ್ಚಹೊಸ ತಗಡು, ಜಾಕೊಮೊ. ಹಳೆಯ ಗೋರಿಗಳ ತಂಟೆಗೆ ಆಜ್ಞೆ ಬಂದೇ ಇರಲಿಲ್ಲ. ಇಗರ್ಜಿಯ ಗೋಡೆಗೆ ಅಂಟಿಸಿದ್ದ ಆ ಆಜ್ಞೆಯನ್ನು ಅವಳು ಬರುವಾಗಷ್ಟೇ ಎರಡೆರಡು ಸಲ ಓದಿದ್ದಳು.

ಕುಲುಮೆಗೆ ವಾಪಸು ಬಂದವಳು ಬಾಗಿಲಲ್ಲೇ ನಿಂತಳು. "ನಿಮ್ಮಪ್ಪನ ತಗಡು ತೆಗಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ." ಅಲೋಯಿಸ್ ತಿದಿ ಒತ್ತುತ್ತಲೇ ಇದ್ದ. "ಕಚೇರಿಗೆ ಕಬ್ಬಿಣದ ಬೇಲಿ ಹಾಕಿಸ್ತಾರಂತೆ. ಆ ಕೆಲಸ ನಂಗೆ ಸಿಗಲಿ ಅಂತ..."

ಥೂ, ಇವನ ಜೊತೆ ಇಷ್ಟು ವರ್ಷ ಒಂದೇ ಮೇಜಿನಲ್ಲಿ ರೊಟ್ಟಿ ತಿಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಂಗೆ ಖಾಲಿ ತಗಡು ಕೊಡು. ಏನೂ ಬರೀಬೇಡ."

ಮರುದಿನ ಬಂದವರೆಲ್ಲ ಯಾಕೋಬನ ಪೆಟ್ಟಿಗೆ ತೆರೆದು ಬರಿ ತಗಡು ಕಂಡು ತಬ್ಬಿಬ್ಬಾದರು. ಮುದಿ ಗಾಣಿಗ ಮೊದಲು ಗಂಟಲು ಸರಿಮಾಡಿಕೊಂಡು, "ಯಾಕೋಬ್," ಎಂದು ದೊಡ್ಡದಾಗಿ ಹೇಳಿ ತೀರ್ಥ ಚಿಮುಕಿಸಿದ. ಅವನ ಹಿಂದಿನವರೂ ಹಾಗೇ ಮಾಡಿದರು. ಕಚೇರಿಯ ಗುಮಾಸ್ತ ಗೇಟಿನ ಹತ್ತಿರ ನಿಂತು ನೋಡುತ್ತಿದ್ದ.

ಕೊನೆಗೆ ಅಲೋಯಿಸ್ ಬಂದ. ಬಾಗಿಲು ತೆರೆದ, ಗೇಟಿನ ಕಡೆ ನೋಡಿದ. ಅವನ ತುಟಿ ಅಲ್ಲಾಡಿತು, ಯಾರಿಗೂ ಏನೂ ಕೇಳಿಸಲಿಲ್ಲ. ತೀರ್ಥ ಚಿಮುಕಿಸಿ ಸರಸರನೆ ಹೊರಟುಹೋದ.

ನೋಟ್‌ಬುರ್ಗಾ ಮುಂದೆ ಬಂದು, ಅವನು ಚಿಮುಕಿಸಿದ, ಇನ್ನೂ ಆರದ ಹನಿಗಳನ್ನು ಶಿಲುಬೆಯ ಮೇಲಿಂದ ತಲೆವಸ್ತ್ರದ ಅಂಚಿನಲ್ಲಿ ಒಂದೊಂದಾಗಿ ಒರೆಸಿದಳು.